ಸ್ನಾತಕ ಬಿಸಿನೆಸ್ ಸ್ಕೂಲ್‌ಗಳಿಗೆ ವರ್ಗಾವಣೆ ಪ್ರವೇಶ (ಅಮೆರಿಕ ಸಂಯುಕ್ತ ಸಂಸ್ಥಾನ)

ವರ್ಗಾವಣೆ ಪ್ರವೇಶ ಎಂದರೆ ಒಂದು ಕಾಲೇಜಿನಲ್ಲಿ ಸ್ನಾತಕ ಪದವಿಯ ವ್ಯಾಸಂಗ ಆರಂಭಿಸಿದ ವಿದ್ಯಾರ್ಥಿಯು ಪದವಿ ಮುಗಿಯುವ ಮೊದಲೇ ಮತ್ತೊಂದು ಸಂಸ್ಥೆಗೆ ಸೇರಿ, ಅಲ್ಲಿಯವರೆಗೆ ಕಲಿತದ್ದನ್ನು ಕ್ರೆಡಿಟ್‌ಗಳ ರೂಪದಲ್ಲಿ ಜೊತೆಗೆ ಒಯ್ಯುವ ವ್ಯವಸ್ಥೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್, ಬರ್ಕ್ಲಿಯ ಹಾಸ್, ಮಿಷಿಗನ್‌ನ ರಾಸ್, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಮೊದಲಾದ, ತೀವ್ರ ಪೈಪೋಟಿಯಿರುವ ಬಿಸಿನೆಸ್ ಸ್ಕೂಲ್‌ಗಳಿಗೂ ಈ ಮಾರ್ಗದಿಂದ ವಿದ್ಯಾರ್ಥಿಗಳು ಸೇರುತ್ತಾರೆ. ಇಲ್ಲಿ ಪ್ರವೇಶ ದೊರೆಯುವುದು ಒಂದು ತೀರ್ಮಾನ, ಹಿಂದಿನ ಕ್ರೆಡಿಟ್‌ಗಳಿಗೆ ಮಾನ್ಯತೆ ದೊರೆಯುವುದು ಮತ್ತೊಂದು ತೀರ್ಮಾನ. ಮೊದಲನೆಯದು ದೊರೆತು ಎರಡನೆಯದು ದೊರೆಯದಿದ್ದರೆ ನಾಲ್ಕು ವರ್ಷದ ಪದವಿ ಐದು ವರ್ಷಕ್ಕೆ ವಿಸ್ತರಿಸಬಹುದು.

ಹಿನ್ನೆಲೆ

ಜೋಸೆಫ್ ವಾರ್ಟನ್ ಅವರ ದತ್ತಿಯಿಂದ 1881ರಲ್ಲಿ ಸ್ಥಾಪನೆಯಾದ ವಾರ್ಟನ್ ಶಾಲೆಯನ್ನು ಅಮೆರಿಕದ ಮೊದಲ ವಿಶ್ವವಿದ್ಯಾಲಯ ಮಟ್ಟದ ಬಿಸಿನೆಸ್ ಸ್ಕೂಲ್ ಎಂದು ಪರಿಗಣಿಸಲಾಗುತ್ತದೆ. ಬರ್ಕ್ಲಿಯ ಶಾಲೆ 1898ರಲ್ಲಿಯೂ ನ್ಯೂಯಾರ್ಕಿನದು 1900ರಲ್ಲಿಯೂ ಆರಂಭವಾದವು. ಹಾರ್ವರ್ಡ್ ಮತ್ತು ಸ್ಟ್ಯಾನ್‌ಫರ್ಡ್‌ನ ಹೆಸರಾಂತ ಬಿಸಿನೆಸ್ ಸ್ಕೂಲ್‌ಗಳಲ್ಲಿ ಸ್ನಾತಕ ಪದವಿಯೇ ಇಲ್ಲ. ಹೀಗಾಗಿ ವರ್ಗಾವಣೆ ಬಯಸುವವರ ಪಟ್ಟಿಯಲ್ಲಿ ಅವು ಬರುವುದಿಲ್ಲ.

ವರ್ಗಾವಣೆಯ ಮತ್ತೊಂದು ತುದಿಯಲ್ಲಿರುವುದು ಎರಡು ವರ್ಷಗಳ ಸಮುದಾಯ ಕಾಲೇಜುಗಳು. ಇವುಗಳಲ್ಲಿ ಸಾರ್ವಜನಿಕ ವಲಯದ ಮೊದಲನೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯ ರಾಜ್ಯವು 1960ರ ತನ್ನ ಉನ್ನತ ಶಿಕ್ಷಣ ಮಹಾಯೋಜನೆಯಲ್ಲಿ ಸಮುದಾಯ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಏರುವ ದಾರಿಯನ್ನು ಶಿಕ್ಷಣ ವ್ಯವಸ್ಥೆಯ ಅಂಗವಾಗಿಯೇ ರೂಪಿಸಿತು. ಶುಲ್ಕ ಕಡಿಮೆಯಿರುವ ಕಾಲೇಜಿನಲ್ಲಿ ಎರಡು ವರ್ಷ ಓದಿ, ಉಳಿದ ಎರಡು ವರ್ಷವನ್ನು ಹಾಸ್‌ನಂತಹ ಶಾಲೆಯಲ್ಲಿ ಕಳೆಯುವ ಅವಕಾಶ ಆ ರಾಜ್ಯದಲ್ಲಿ ಇಂದಿಗೂ ಇದೆ.

ಪ್ರವೇಶದ ಮಾನದಂಡಗಳು

ಪ್ರೌಢಶಾಲೆಯಿಂದ ನೇರವಾಗಿ ಬರುವ ಅಭ್ಯರ್ಥಿಗಿಂತ ವರ್ಗಾವಣೆಯ ಅಭ್ಯರ್ಥಿಯನ್ನು ಅಳೆಯುವ ಕ್ರಮ ಭಿನ್ನವಾಗಿದೆ. ಕಾಲೇಜಿನಲ್ಲಿ ಪಡೆದ ಗ್ರೇಡ್‌ಗಳಿಗೆ ಹೆಚ್ಚಿನ ತೂಕವಿರುತ್ತದೆ. ಓದಿದ ಸೆಮಿಸ್ಟರ್‌ಗಳು ಹೆಚ್ಚಿದಂತೆ ಪ್ರೌಢಶಾಲೆಯ ದಾಖಲೆಯ ಪ್ರಾಮುಖ್ಯ ಕುಗ್ಗುತ್ತದೆ. ಕಲನಶಾಸ್ತ್ರ, ಸೂಕ್ಷ್ಮ ಮತ್ತು ಸ್ಥೂಲ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಲೆಕ್ಕಶಾಸ್ತ್ರ ಹಾಗೂ ಇಂಗ್ಲಿಷ್ ಬರವಣಿಗೆ ಸಾಮಾನ್ಯವಾಗಿ ಕೇಳಲಾಗುವ ಪೂರ್ವಸಿದ್ಧತಾ ವಿಷಯಗಳು. ಇವುಗಳಲ್ಲಿ ಒಂದು ಬಾಕಿ ಉಳಿದರೂ, ಉಳಿದ ದಾಖಲೆ ಎಷ್ಟೇ ಉತ್ತಮವಾಗಿದ್ದರೂ ಅರ್ಜಿ ತಿರಸ್ಕೃತವಾಗುವ ಸಂಭವವಿದೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ವ್ಯವಸ್ಥೆಯು ಕನಿಷ್ಠ 60 ಸೆಮಿಸ್ಟರ್ ಯೂನಿಟ್‌ಗಳನ್ನು ಪೂರೈಸಿ ಮೂರನೆಯ ವರ್ಷಕ್ಕೆ ಸೇರುವವರಿಗೆ ಆದ್ಯತೆ ನೀಡುತ್ತದೆ. ಅಲ್ಲಿ ಅರ್ಹತೆಗೆ ಬೇಕಾದ ಸರಾಸರಿ ಗ್ರೇಡ್ ರಾಜ್ಯದ ನಿವಾಸಿಗಳಿಗೆ 2.4, ಹೊರಗಿನವರಿಗೆ 2.8. ಇದು ಅರ್ಜಿ ಹಾಕಲು ಬೇಕಾದ ಹೊಸ್ತಿಲಷ್ಟೇ. ಹಾಸ್‌ಗೆ ಆಯ್ಕೆಯಾಗುವವರ ಗ್ರೇಡ್‌ಗಳು ಇದಕ್ಕಿಂತ ಬಹಳ ಮೇಲಿರುತ್ತವೆ. ಈ ವ್ಯವಸ್ಥೆಯ ಆರು ಕ್ಯಾಂಪಸ್‌ಗಳು ರಾಜ್ಯದ ಸಮುದಾಯ ಕಾಲೇಜಿನ ವಿದ್ಯಾರ್ಥಿಗಳಿಗೆ ಷರತ್ತುಬದ್ಧ ಖಾತರಿ ಪ್ರವೇಶ ನೀಡುತ್ತವೆ, ಆದರೆ ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ಕ್ಯಾಂಪಸ್‌ಗಳು ಈ ಖಾತರಿಯಿಂದ ಹೊರಗಿವೆ.

ಖಾಸಗಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪ್ರಾಧ್ಯಾಪಕರ ಶಿಫಾರಸು ಪತ್ರಗಳನ್ನೂ ವರ್ಗಾವಣೆಯ ಕಾರಣ ವಿವರಿಸುವ ಪ್ರಬಂಧವನ್ನೂ ಕೇಳುತ್ತವೆ. ಶಾಲೆಯ ಶ್ರೇಯಾಂಕವನ್ನು ಮಾತ್ರ ಮುಂದಿಟ್ಟು ಬರೆದ ಪ್ರಬಂಧ ದುರ್ಬಲವೆನಿಸುತ್ತದೆ. ಈಗಿರುವ ಕಾಲೇಜಿನಲ್ಲಿ ಲಭ್ಯವಿಲ್ಲದ ಯಾವ ಅಧ್ಯಯನಕ್ಕಾಗಿ ಬರುತ್ತಿರುವುದು ಎಂಬುದಕ್ಕೆ ಅದರಲ್ಲಿ ಉತ್ತರವಿರಬೇಕಾಗುತ್ತದೆ.

ಆಂತರಿಕ ವರ್ಗಾವಣೆ

ಅದೇ ವಿಶ್ವವಿದ್ಯಾಲಯದ ಬೇರೊಂದು ವಿಭಾಗದಿಂದ ಬಿಸಿನೆಸ್ ಸ್ಕೂಲ್‌ಗೆ ಬದಲಾಗುವುದನ್ನು ಆಂತರಿಕ ವರ್ಗಾವಣೆ ಎನ್ನುತ್ತಾರೆ. ಕ್ರೆಡಿಟ್ ನಷ್ಟ ಕಡಿಮೆಯಿರುವುದರಿಂದ ಇದು ಸುಲಭವೆಂದು ಮೇಲ್ನೋಟಕ್ಕೆ ಕಂಡರೂ ಪೈಪೋಟಿ ಇಲ್ಲಿಯೂ ಕಠಿಣ. ಹಾಸ್ ಮತ್ತು ವರ್ಜೀನಿಯ ವಿಶ್ವವಿದ್ಯಾಲಯದ ಮೆಕ್‌ಇಂಟೈರ್ ಶಾಲೆಗಳಲ್ಲಿ ದೀರ್ಘಕಾಲ ಎರಡನೆಯ ವರ್ಷದಲ್ಲಿ ಅರ್ಜಿ ಸಲ್ಲಿಸಿ ಮೂರನೆಯ ವರ್ಷಕ್ಕೆ ಸೇರುವುದೇ ಕ್ರಮವಾಗಿತ್ತು. ಹಾಸ್ 2024ರಿಂದ ನಾಲ್ಕು ವರ್ಷದ ಕಾರ್ಯಕ್ರಮ ಆರಂಭಿಸಿ ಪ್ರೌಢಶಾಲೆಯಿಂದಲೇ ನೇರ ಪ್ರವೇಶ ನೀಡುತ್ತಿದೆ. ಇಂತಹ ಬದಲಾವಣೆಯಿಂದ ಆಯ್ಕೆಯ ಘಟ್ಟ ಹಿಂದಕ್ಕೆ ಸರಿಯುತ್ತದೆ. ಕಾಲೇಜಿಗೆ ಬಂದ ಮೇಲೆ ಆಸಕ್ತಿ ಕಂಡುಕೊಂಡವರಿಗೆ ಇದರಿಂದ ಅನನುಕೂಲವೇ ಹೆಚ್ಚು.

ಕ್ರೆಡಿಟ್ ನಷ್ಟ

2004ರಿಂದ 2009ರ ಅವಧಿಯಲ್ಲಿ ವರ್ಗಾವಣೆಗೊಂಡ ವಿದ್ಯಾರ್ಥಿಗಳು ತಾವು ಗಳಿಸಿದ್ದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇ. 43ರಷ್ಟನ್ನು ಕಳೆದುಕೊಂಡರೆಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಸರ್ಕಾರಿ ಹೊಣೆಗಾರಿಕೆ ಕಚೇರಿ 2017ರ ವರದಿಯಲ್ಲಿ ಅಂದಾಜಿಸಿದೆ. ಈ ಅಂಕಿಅಂಶ ಎಲ್ಲ ವಿಷಯಗಳ ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದು. ಬಿಸಿನೆಸ್ ವಿದ್ಯಾರ್ಥಿಗಳಿಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ಹಣಕಾಸು ಅಥವಾ ಮಾರುಕಟ್ಟೆ ನಿರ್ವಹಣೆಯ ವಿಷಯವನ್ನು ಮೊದಲ ಎರಡು ವರ್ಷಗಳಲ್ಲಿಯೇ ಓದಿದ್ದರೆ, ಹೊಸ ಶಾಲೆ ಅದನ್ನು ತನ್ನ ಮೇಲ್ತರಗತಿಯ ಕಡ್ಡಾಯ ವಿಷಯಕ್ಕೆ ಸಮವೆಂದು ಒಪ್ಪದೆ ಐಚ್ಛಿಕ ಕ್ರೆಡಿಟ್ ಆಗಿ ಮಾತ್ರ ಎಣಿಸಬಹುದು. ಆಗ ಅದೇ ವಿಷಯವನ್ನು ಮತ್ತೆ ಓದಬೇಕಾಗುತ್ತದೆ. ಆದ್ದರಿಂದ ವರ್ಗಾವಣೆಯ ಉದ್ದೇಶವಿರುವವರು ಆರಂಭದಲ್ಲಿ ವ್ಯವಹಾರ ವಿಷಯಗಳಿಗಿಂತ ಗಣಿತ, ಅರ್ಥಶಾಸ್ತ್ರ ಮತ್ತು ಮಾನವಿಕ ವಿಷಯಗಳನ್ನು ಓದುವುದು ಹೆಚ್ಚು ಸುರಕ್ಷಿತ.

ಕ್ಯಾಲಿಫೋರ್ನಿಯದಲ್ಲಿ ಯಾವ ಸಮುದಾಯ ಕಾಲೇಜಿನ ಯಾವ ವಿಷಯ ಯಾವ ವಿಶ್ವವಿದ್ಯಾಲಯದ ಯಾವ ವಿಷಯಕ್ಕೆ ಸಮ ಎಂಬುದನ್ನು ‘ಅಸಿಸ್ಟ್’ ಎಂಬ ಸಾರ್ವಜನಿಕ ದತ್ತಾಂಶ ಕೋಶದಲ್ಲಿ ನೋಡಬಹುದು. ಹಳೆಯ ಕಾಲೇಜಿನ ಗ್ರೇಡ್‌ಗಳು ಸಾಮಾನ್ಯವಾಗಿ ಹೊಸ ಸಂಸ್ಥೆಯ ಸರಾಸರಿಯಲ್ಲಿ ಸೇರುವುದಿಲ್ಲ. ಕ್ರೆಡಿಟ್ ಮಾತ್ರ ಬರುತ್ತದೆ.

ಉದ್ಯೋಗ ಮತ್ತು ವೆಚ್ಚ

ಹೂಡಿಕೆ ಬ್ಯಾಂಕುಗಳು ಮೂರನೆಯ ವರ್ಷದ ನಂತರದ ಬೇಸಗೆ ಇಂಟರ್ನ್‌ಶಿಪ್‌ಗಳಿಗೆ ಎರಡನೆಯ ವರ್ಷದಲ್ಲಿಯೇ ಆಯ್ಕೆ ಆರಂಭಿಸುತ್ತವೆ. ಮೂರನೆಯ ವರ್ಷಕ್ಕೆ ಬಂದು ಸೇರುವ ವಿದ್ಯಾರ್ಥಿಯು ಹೊಸ ಶಾಲೆಯ ಹೆಸರು ತನ್ನ ಅರ್ಜಿಯಲ್ಲಿ ಸೇರುವ ಹೊತ್ತಿಗೆ ಆ ಆಯ್ಕೆಯ ಬಹುಭಾಗ ಮುಗಿದಿರುತ್ತದೆ. ಉತ್ತಮ ಶಾಲೆಯ ಉದ್ಯೋಗ ಸಂಪರ್ಕಕ್ಕಾಗಿಯೇ ವರ್ಗಾವಣೆ ಬಯಸುವವರು ಹಲವರಿರುವುದರಿಂದ ಇದು ಗಂಭೀರ ಸಂಗತಿ. ಶುಲ್ಕ ವಿನಾಯಿತಿಯಲ್ಲಿಯೂ ವ್ಯತ್ಯಾಸವಿದೆ: ಪ್ರತಿಭಾ ವಿದ್ಯಾರ್ಥಿವೇತನಗಳು ಅನೇಕ ಕಡೆ ಮೊದಲ ವರ್ಷಕ್ಕೆ ಸೇರುವವರಿಗಷ್ಟೇ ಮೀಸಲು.

ಭಾರತೀಯ ವಿದ್ಯಾರ್ಥಿಗಳು

ಎಫ್-1 ವೀಸಾದ ಮೇಲೆ ಅಮೆರಿಕದಲ್ಲಿ ಓದುತ್ತಿರುವವರು ಕಾಲೇಜು ಬದಲಿಸುವಾಗ ‘ಸೆವಿಸ್’ ಎಂಬ ವಿದ್ಯಾರ್ಥಿ ದಾಖಲೆಯನ್ನು ಹಳೆಯ ಸಂಸ್ಥೆಯಿಂದ ಹೊಸ ಸಂಸ್ಥೆಗೆ ವರ್ಗಾಯಿಸಿಕೊಂಡು ಹೊಸ ಐ-20 ಪತ್ರ ಪಡೆಯಬೇಕು. ಕರ್ನಾಟಕವೂ ಸೇರಿದಂತೆ ಭಾರತದ ಬಿ.ಕಾಂ. ಅಥವಾ ಬಿ.ಬಿ.ಎ. ತರಗತಿಗಳಿಂದ ನೇರವಾಗಿ ವರ್ಗಾವಣೆ ಬಯಸುವವರು ಅಂಕಪಟ್ಟಿಯ ಜೊತೆಗೆ ಪ್ರತಿ ವಿಷಯದ ಪಠ್ಯಕ್ರಮವನ್ನೂ ಒದಗಿಸಬೇಕಾಗಬಹುದು. ಭಾರತೀಯ ಕಂಪನಿ ಕಾಯ್ದೆ, ಆದಾಯ ತೆರಿಗೆ, ಜಿಎಸ್‌ಟಿಯಂತಹ ವಿಷಯಗಳಿಗೆ ಅಲ್ಲಿ ಸಮಾನ ವಿಷಯ ಸಿಗುವುದು ಕಷ್ಟ. ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಕ್ಕೆ ಮಾನ್ಯತೆಯ ಸಾಧ್ಯತೆ ಹೆಚ್ಚು. ಭಾರತದಲ್ಲಿ 2021ರಲ್ಲಿ ಆರಂಭವಾದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್‌ನಲ್ಲಿ ಕ್ರೆಡಿಟ್ ಜಮೆಯಾಗಿದ್ದರೂ ಅದನ್ನು ಒಪ್ಪಬೇಕೆಂಬ ನಿರ್ಬಂಧ ವಿದೇಶಿ ವಿಶ್ವವಿದ್ಯಾಲಯಗಳಿಗೆ ಇಲ್ಲ.

ಗಮನಾರ್ಹ ವರ್ಗಾವಣೆಗಳು

ಡೊನಾಲ್ಡ್ ಟ್ರಂಪ್ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ವಾರ್ಟನ್‌ಗೆ ಬಂದು 1968ರಲ್ಲಿ ಪದವಿ ಪಡೆದರು. ಇಲಾನ್ ಮಸ್ಕ್ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಿಂದ ಪೆನ್ಸಿಲ್ವೇನಿಯಕ್ಕೆ ಬಂದವರು. ವಾರೆನ್ ಬಫೆಟ್ ಅವರದು ವಿರುದ್ಧ ದಿಕ್ಕಿನ ಪಯಣ: 1947ರಲ್ಲಿ ವಾರ್ಟನ್ ಸೇರಿದ ಅವರು ಅದನ್ನು ಬಿಟ್ಟು ತವರು ರಾಜ್ಯದ ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆದು ಅಲ್ಲಿಯೇ ಸ್ನಾತಕ ಪದವಿ ಮುಗಿಸಿದರು. ನಂತರ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಗ್ರಹಾಂ ಅವರ ಶಿಷ್ಯರಾಗಿ 1951ರಲ್ಲಿ ಸ್ನಾತಕೋತ್ತರ ಪದವಿ ಪಡೆದರು.