ಸೂಟಿಯ ಬಿಡುವು ಯಾರಿಗೆ?

ಬಾಗಲಕೋಟೆ ಸೀಮೆಯಲ್ಲಿ ಶಾಲೆಯ ರಜೆಗೆ ‘ಸೂಟಿ’ ಎನ್ನುತ್ತಾರೆ. ಏಪ್ರಿಲ್ ಎರಡನೆಯ ವಾರ ‘ಪಾಸೋ ನಪಾಸೋ’ ತಿಳಿದದ್ದೇ ತಡ, ಮಕ್ಕಳು ಅಜ್ಜನ ಊರಿಗೆ ಹೊರಡುತ್ತಿದ್ದರು. ಗದಗ–ಹೊಟಗಿ ಮೀಟರ್ ಗೇಜ್ ಹಳಿಯ ಪ್ಯಾಸೆಂಜರ್ ಗಾಡಿ ಅವಸರವಿಲ್ಲದೆ ಸಾಗುತ್ತಿತ್ತು. ಬಾದಾಮಿಯಲ್ಲಿ ಇಳಿದವರಿಗೆ ನಿಲ್ದಾಣದಿಂದ ಊರಿಗೆ ಟಾಂಗಾ. ಹುನಗುಂದ, ಇಳಕಲ್ಲಿಗೆ ರೈಲಿರಲಿಲ್ಲ, ಬಸ್ಸೇ ಗತಿ.

ಅಜ್ಜನ ಮನೆಯ ಆ ನಿಧಾನ ಶಾಲೆ ಕೊಟ್ಟದ್ದೇನಲ್ಲ. ಶಾಲೆಗಳಿಗಿಂತ ಅದು ಹಳೆಯದು. ಎರೆಭೂಮಿಯ ಹಿಂಗಾರಿ ಬಿಳಿಜೋಳ ಕೊಯ್ದು, ರಾಶಿ ಮುಗಿಸಿ, ಕಾಳು ಹಗೇವಿಗೆ ಸೇರಿತೆಂದರೆ ಹೊಲದಲ್ಲಿ ಹೆಚ್ಚಿನ ಕೆಲಸ ಉಳಿಯುತ್ತಿರಲಿಲ್ಲ. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ನೆಲವೂ ಎತ್ತೂ ದಣಿವಾರಿಸಿಕೊಳ್ಳುವ ಕಾಲ. ನಲವತ್ತು ಡಿಗ್ರಿಯ ಬಿಸಿಲು ಉಳಿದದ್ದನ್ನು ನಿಲ್ಲಿಸುತ್ತಿತ್ತು. ಈ ಬಿಸಿಲಿಗೆ ಸರ್ಕಾರವೂ ತಲೆಬಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿಯೂ ಕಲಬುರಗಿ ವಿಭಾಗದಲ್ಲಿಯೂ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಬಂದಿದೆ.

ಮನೆಗಳನ್ನು ಕಟ್ಟಿದ್ದೂ ಇದೇ ಲೆಕ್ಕಕ್ಕೆ. ದಪ್ಪ ಕಲ್ಲು ಮಣ್ಣಿನ ಗೋಡೆ, ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಮಧ್ಯಾಹ್ನ ರೊಟ್ಟಿ, ಶೀಕರಣಿ ಉಂಡು ಪಡಸಾಲೆಯಲ್ಲಿ ನಿದ್ದೆ ಇಲ್ಲವೆ ಚೌಕಾಬಾರ; ರಾತ್ರಿ ಮಾಳಿಗೆಯ ಮೇಲೆ ಇಡೀ ಮನೆತನದ ಹಾಸಿಗೆ. ಆದರೆ ಹಗಲಿಡೀ ಅದೇ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಒಣಗುತ್ತಿದ್ದವು ಎಂಬುದನ್ನು ಸೂಟಿಯ ನೆನಪು ಹೇಳುವ ಗಂಡಸರು ಮರೆಯುತ್ತಾರೆ. ವರ್ಷದ ಉಗ್ರಾಣವೆಲ್ಲ ತುಂಬುತ್ತಿದ್ದದ್ದು ಆ ಎರಡು ತಿಂಗಳಲ್ಲಿ, ಹೆಂಗಸರ ಕೈಯಿಂದ.

ಇಳಕಲ್ಲಿನ ನೇಕಾರರ ಓಣಿಯಲ್ಲಂತೂ ಬೇಸಿಗೆಗೆ ಬಿಡುವೆಂಬ ಅರ್ಥವೇ ಇರಲಿಲ್ಲ. ಅದು ಲಗ್ನಗಳ ಕಾಲ; ಲಗ್ನವೆಂದರೆ ಸೀರೆ. ಇಳಕಲ್ ಸೀರೆಯ ರಚನೆಯೇ ಹಲವು ಕೈಗಳನ್ನು ಬೇಡುತ್ತದೆ. ಬೇರೆ ಬಹಳಷ್ಟು ಸೀರೆಗಳಲ್ಲಿ ಮೈಗೂ ಸೆರಗಿಗೂ ಒಂದೇ ಹಾಸು. ಇಲ್ಲಿ ಮೈಯ ಹಾಸು ಬೇರೆ, ಕೆಂಪು ರೇಷ್ಮೆಯ ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆಯಂತೆ ಸಿಕ್ಕಿಸಿ ಕೂಡಿಸಬೇಕು, ಇದೇ ‘ಕೊಂಡಿ’. ಆದ್ದರಿಂದ ಹಾಸನ್ನು ಒಮ್ಮೆ ಹಾಕಿ ಹತ್ತಾರು ಸೀರೆ ನೇಯುವಂತಿಲ್ಲ. ಪ್ರತಿ ಸೀರೆಗೂ ಕೊಂಡಿ ಹೊಸದಾಗಿ ಆಗಬೇಕು. ಗಂಡಸು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆ, ಹಾಸು ಸಜ್ಜುಗೊಳಿಸುವುದು, ಕಂಡಿಕೆ ಸುತ್ತುವುದು ಮನೆಯ ಹೆಂಗಸರ, ಮಕ್ಕಳ ಪಾಲಿಗೆ. ಶಾಲೆಗೆ ಸೂಟಿ ಬಿಟ್ಟರೆ ಮಗ್ಗಕ್ಕೆ ಇನ್ನೆರಡು ಕೈ ಸಿಕ್ಕಂತೆ. ಜೊತೆಗೆ ತೊಡುವ ಖಣ ನೇಯುತ್ತಿದ್ದ ಗುಳೇದಗುಡ್ಡದ ಮನೆಗಳ ಸ್ಥಿತಿಯೂ ಇಷ್ಟೇ. ಮದುವೆಮನೆಯ ಸಡಗರಕ್ಕೆ ಬೇಕಾದ ಬೆವರು ಇಲ್ಲಿ ಹರಿಯುತ್ತಿತ್ತು.

ಹೊಲವೂ ಮಗ್ಗವೂ ಇಲ್ಲದವರಿಗೆ ಬೇಸಿಗೆಯೆಂದರೆ ಗುಳೆ. ಬಾದಾಮಿ, ಹುನಗುಂದ ತಾಲ್ಲೂಕುಗಳ ಕೂಲಿಕಾರರು ಗೋವಾ, ಮಂಗಳೂರು ಕಡೆಯ ಕಟ್ಟಡಗಳ ಕೆಲಸಕ್ಕೆ ಮಕ್ಕಳನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಈ ವಲಸೆ ಇಂದಿಗೂ ನಿಂತಿಲ್ಲ. ಅವರ ಮನೆಗಳಲ್ಲಿ ಆಗ ಉಳಿಯುವವರು ಮುದುಕರು ಮಾತ್ರ.

ಬಿಡುವಿದ್ದ ಮನೆಗಳ ಬಿಡುವೂ ಮೊದಲಿನಂತೆ ಉಳಿಯಲಿಲ್ಲ. ಕೃಷ್ಣಾ, ಘಟಪ್ರಭಾ ನೀರು ಸಿಕ್ಕಲ್ಲಿ ಜೋಳದ ಹೊಲಕ್ಕೆ ಕಬ್ಬು ಬಂತು. ಕಬ್ಬಿಗೆ ಬೇಸಿಗೆಯಲ್ಲೇ ನೀರು ಹೆಚ್ಚು ಬೇಕು. ರೈತನಿಗೆ ರಾತ್ರಿ ಕರೆಂಟು ಬಂದಾಗ ಎದ್ದು ಓಡುವ ಕೆಲಸ. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. ಜನರಿಗಾಗಿ ಎತ್ತರದಲ್ಲಿ ನವನಗರ ಎದ್ದಿತು. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ಅಗಲ ರಸ್ತೆಗಳು ಬಂದವು, ನಂಬರು ಹೊತ್ತ ಸೆಕ್ಟರುಗಳು ಬಂದವು. ಮಣ್ಣಿನ ಮಾಳಿಗೆ ಬರಲಿಲ್ಲ. ಸಿಮೆಂಟಿನ ತಾರಸಿ ಹಗಲು ಹೀರಿದ ಕಾವನ್ನು ರಾತ್ರಿ ಬಿಡುತ್ತದೆ. ಅದರ ಮೇಲೆ ಬೇಗ ನಿದ್ದೆ ಹತ್ತುವುದಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡಿದ್ದ ಹಳೆಯ ಓಣಿಯಲ್ಲಿ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಜಿಗಿದು ಗೆಳೆಯರನ್ನು ಸೇರುತ್ತಿದ್ದ ಮಕ್ಕಳಿಗೆ ಇಲ್ಲಿ ರಸ್ತೆ ದಾಟುವ ಕೆಲಸ.

ಮುಳುಗಡೆ ಇನ್ನೂ ಮುಗಿದಿಲ್ಲ. ಈಗ 519.6 ಮೀಟರ್‌ಗೆ ನಿಲ್ಲುವ ನೀರನ್ನು 524.256 ಮೀಟರ್‌ವರೆಗೆ ಏರಿಸಲು ಕೃಷ್ಣಾ ಜಲವಿವಾದಗಳ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದೆ. ಸದ್ಯಕ್ಕೆ ಜಲಾಶಯ ಪ್ರತಿವರ್ಷ ಬೇಸಿಗೆಯಲ್ಲಿ ಇಳಿಯುತ್ತದೆ. ಮಕ್ಕಳಿಗೆ ಸೂಟಿ ಇರುವ ಆ ವಾರಗಳಲ್ಲಿಯೇ ಅಜ್ಜನ ಓಣಿಯಿದ್ದ ನೆಲ, ರಾಡಿ ಒಣಗಿ ಬಿರುಕು ಬಿಟ್ಟು, ಮತ್ತೆ ಹೊರಗೆ ಬರುತ್ತದೆ.