ಹೋಬಳಿ

ಹೋಬಳಿ: ಕರ್ನಾಟಕದ ಕಂದಾಯ ಆಡಳಿತದಲ್ಲಿ ತಾಲ್ಲೂಕಿಗೆ ಕೆಳಗಿನ, ಗ್ರಾಮಕ್ಕೆ ಮೇಲಿನ ವಿಭಾಗ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಕಸಬಾ, ಬಾಣಾವರ, ಜಾವಗಲ್, ಕಣಕಟ್ಟೆ, ಗಂಡಸಿ ಎಂಬ ಐದು ಹೋಬಳಿಗಳಿವೆ. ನೆರೆಯ ಬೇಲೂರು ತಾಲ್ಲೂಕಿನ ಹೋಬಳಿಗಳಲ್ಲಿ ಹಳೇಬೀಡೂ ಒಂದು. ಹೊಯ್ಸಳರ ರಾಜಧಾನಿ ದೋರಸಮುದ್ರವೇ ಈ ಹಳೇಬೀಡು, ಈಗ ಹೋಬಳಿ ಕೇಂದ್ರ.

ಹೆಸರುಗಳು: ಕಂದಾಯ ದಾಖಲೆಗಳಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಕ್ರಮವಿರುತ್ತದೆ. ಮೊದಲ ಎರಡು ಪದಗಳು ಪಾರಸಿಯ ಮೂಲಕ ಬಂದ ಅರಬ್ಬೀ ಪದಗಳು, ಕೊನೆಯದು ಸಂಸ್ಕೃತ. ನಡುವಿನ ಹೋಬಳಿ ಮಾತ್ರ ದೇಶೀ ಪದವೆಂದೇ ತೋರುತ್ತದೆ. ಅರಬ್ಬಿಯಲ್ಲಿ ‘ದಿಲ್ಅ್’ ಎಂದರೆ ಪಕ್ಕೆಲುಬು, ಮಗ್ಗುಲು. ಅದು ‘ಜಿಲಾ’ ಆಗಿ ನಮ್ಮಲ್ಲಿ ಜಿಲ್ಲೆಯಾಯಿತು. ‘ತಅಲ್ಲುಕ್’ ಎಂದರೆ ಸಂಬಂಧ, ಅಂಟಿಕೊಂಡಿರುವುದು. ತಹಶೀಲ್ದಾರ್ ಪದದಲ್ಲಿರುವ ‘ತಹಸೀಲ್’ ಎಂದರೆ ವಸೂಲಿ. ಕಸಬಾ ಹೋಬಳಿಯ ‘ಕಸಬಾ’ ಪ್ರಧಾನ ಪಟ್ಟಣವನ್ನು ಸೂಚಿಸುತ್ತದೆ. ಹಳೆಯ ಮೈಸೂರಿನಲ್ಲಿ ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕ್‌ದಾರ. ಶೇಕ್‌ದಾರ ಎಂಬುದು ‘ಶಿಕ್ಕ್’, ಅಂದರೆ ಭಾಗ ಎಂಬ ಅರಬ್ಬೀ ಪದದಿಂದ ಬಂದು, ದೆಹಲಿ ಸುಲ್ತಾನರ ಕಾಲದ ಶಿಕ್ಕ್‌ದಾರನ ನೆನಪನ್ನು ಉಳಿಸಿಕೊಂಡಿದೆ. ಮದರಾಸು ಪ್ರಾಂತ್ಯದಲ್ಲಿ ಹೋಬಳಿಯಂಥ ವಿಭಾಗಕ್ಕಿದ್ದ ‘ಫಿರ್ಕಾ’ ಎಂಬ ಹೆಸರು ಕೂಡ ಅರಬ್ಬಿಯದೇ.

ವಿಚಿತ್ರವೆಂದರೆ ಅರಬ್ ದೇಶಗಳ ಇಂದಿನ ಆಡಳಿತದಲ್ಲಿ ಜಿಲ್ಲೆ, ತಾಲ್ಲೂಕು ಎಂಬ ಹೆಸರುಗಳಿಲ್ಲ. ಇರಾಕಿನಲ್ಲಿ ಮುಹಾಫಜಾ, ಅದರೊಳಗೆ ಕಜಾ, ಅದರೊಳಗೆ ನಾಹಿಯಾ. ಸಿರಿಯಾದಲ್ಲಿ ನಡುವಿನ ಹಂತ ಮಿಂತಕಾ. ಈಜಿಪ್ಟಿನಲ್ಲಿ ಮುಹಾಫಜಾದ ಕೆಳಗೆ ಮರ್ಕಜ್. ಕಜಾ ಮೂಲತಃ ಖಾಜಿಯ ನ್ಯಾಯವ್ಯಾಪ್ತಿ. ಆಟೋಮನ್ ಸಾಮ್ರಾಜ್ಯದ 1864ರ ಪ್ರಾಂತ್ಯ ಕಾನೂನು ಈ ಶ್ರೇಣಿಗೆ ಅಚ್ಚುಕಟ್ಟು ತಂದಿತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಬ್ರಿಟಿಷ್ ಕಮಿಷನರ್ ಬೌರಿಂಗ್ ಮೈಸೂರನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಹಂಚಿದ್ದು ಕಾಕತಾಳೀಯ. ಒಂದರ ಪ್ರಭಾವ ಇನ್ನೊಂದರ ಮೇಲೆ ಇತ್ತೆಂದು ಊಹಿಸಬೇಕಿಲ್ಲ. ಸ್ಥಾನದಲ್ಲಿ ನಮ್ಮ ಹೋಬಳಿಗೆ ಹತ್ತಿರದ್ದು ನಾಹಿಯಾ. ಆ ಪದಕ್ಕೂ ‘ಮಗ್ಗುಲು, ದಿಕ್ಕು’ ಎಂಬ ಅರ್ಥವೇ ಇದೆ.

ಗಡಿಗಳು: ಎಲ್ಲೆಗಳು ಬದಲಾಗುತ್ತಲೇ ಬಂದಿವೆ. ಬಿ. ಎಲ್. ರೈಸ್ ಅವರ 1877ರ ಮೈಸೂರು ಗೆಜೆಟಿಯರಿನ ಕಾಲಕ್ಕೆ ಅರಸೀಕೆರೆ ಭಾಗದ ತಾಲ್ಲೂಕು ಹಾರನಹಳ್ಳಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಾಲಯಗಳಿರುವ ಆ ಊರಿನ ಪಟ್ಟ ಮುಂದೆ ಅರಸೀಕೆರೆಗೆ ಹೋಯಿತು.

ಇಂದಿನ ಕೆಲಸ: ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದ ಮೇಲೆ ಲೆಕ್ಕಪತ್ರದ ಭಾರ ಸಂಬಳದ ನೌಕರರಿಗೆ ಬಂತು. ಹೋಬಳಿಯಲ್ಲಿ ನಾಡಕಚೇರಿ, ಉಪ ತಹಶೀಲ್ದಾರ್, ಜನ ‘ಆರ್‌ಐ’ ಎಂದೇ ಕರೆಯುವ ಕಂದಾಯ ನಿರೀಕ್ಷಕರು, ಅವರ ಕೆಳಗೆ ಗ್ರಾಮ ಆಡಳಿತಾಧಿಕಾರಿಗಳು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಬಿತ್ತನೆ ಬೀಜಕ್ಕೆ ಸಾಲು ನಿಲ್ಲುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ. ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ ಘಟಕವಾದರೆ ಇತರ ಬೆಳೆಗಳಿಗೆ ಹೋಬಳಿಯೇ ಘಟಕ. ಇಷ್ಟಾದರೂ ಹೋಬಳಿಗೆ ಚುನಾಯಿತ ಸಭೆಯಿಲ್ಲ. ಪಂಚಾಯತ್ ರಾಜ್ ವ್ಯವಸ್ಥೆ ಗ್ರಾಮದಿಂದ ನೇರ ತಾಲ್ಲೂಕಿಗೆ ಜಿಗಿಯುತ್ತದೆ.

ಗಂಡಸಿಯ ಹೆಸರಿನಲ್ಲಿ ವಿಧಾನಸಭಾ ಕ್ಷೇತ್ರವೂ ಇತ್ತು. 2008ರ ಮರುವಿಂಗಡಣೆಯಲ್ಲಿ ಅದು ಇಲ್ಲವಾಯಿತು, ಹೋಬಳಿ ಉಳಿದಿದೆ.