ಮ್ಯಾಂಟ್‌ನ ಖಾತೆಗೆ ಜಮೆಯಾಗದ ಕೋರ್ಟುಗಳು

2025ರ ಆಗಸ್ಟ್ 17ರಂದು ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಲಾಪುರದಲ್ಲಿ ಉದ್ಘಾಟನೆಯಾಯಿತು. ಅಂದಿನಿಂದ ಅದು ಕೂತಿರುವ, ಸಿಪಿಆರ್ ಆಸ್ಪತ್ರೆ ಎದುರಿನ ಹಳೆಯ ಜಿಲ್ಲಾ ಕೋರ್ಟಿನ ಆವರಣಕ್ಕೆ ಇದ್ದಕ್ಕಿದ್ದಂತೆ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಜಿಲ್ಲಾ ಕೋರ್ಟು ಕಸಬಾ ಬಾವಡಾಕ್ಕೆ ಹೋದ ಮೇಲೆ ಅತ್ತ ತಿರುಗಿ ನೋಡದವರೂ ಈಗ ಅಲ್ಲಿನ ರಾಧಾಬಾಯಿ ಕಟ್ಟಡದ ಫೋಟೋ ಹಾಕಿ ‘ಇಂಡೋ-ಸಾರ್ಸೆನಿಕ್’ ಎನ್ನುತ್ತಾರೆ. ಈ ಊರಲ್ಲಿ ಕರಿಕಲ್ಲು, ಕಮಾನು ಕಂಡದ್ದನ್ನೆಲ್ಲ ವಾಸ್ತುಶಿಲ್ಪಿ ಮೇಜರ್ ಚಾರ್ಲ್ಸ್ ಮ್ಯಾಂಟ್‌ನ ಖಾತೆಗೆ ಜಮಾ ಮಾಡುವ ಚಟ ಹಳೆಯದು.

ಮ್ಯಾಂಟ್ ದೊಡ್ಡವನೇ. ಟೌನ್ ಹಾಲು (1872–76) ಅವನದು, ಹೊಸ ಅರಮನೆಯೂ ಅವನದೇ. ಆದರೆ ಅವನು 1881ರಲ್ಲೇ ತೀರಿಕೊಂಡ. ಅರಮನೆ ಮುಗಿದದ್ದು 1884ರಲ್ಲಿ. ನಡುವಿನ ವರ್ಷಗಳಲ್ಲಿ ಗೋಡೆ ಏರಿಸಿದ ಕಲ್ಲುಕುಟಿಗರನ್ನೂ ಮಿಸ್ತ್ರಿಗಳನ್ನೂ ಕೇಳುವವರಿಲ್ಲ. ಅದಕ್ಕೂ ಹಿಂದಿನ ಕಾಲಕ್ಕೆ ಎರಡು ಮಾತು ಸಾಕು: ನ್ಯಾಯ ನಡೆದದ್ದು ಚಾವಡಿಯಲ್ಲಿ, ವಾಡೆಯ ಪಡಸಾಲೆಯಲ್ಲಿ. ನಾನು ಹೇಳಹೊರಟ ಜಿಲ್ಲೆಯ ಎರಡು ಊರುಗಳಲ್ಲಿ ಇಚಲಕರಂಜಿ ಘೋರ್ಪಡೆಯವರ ಜಹಗೀರು, ಗಡಹಿಂಗ್ಲಜ ಕೊಲ್ಲಾಪುರ ಸಂಸ್ಥಾನದ್ದು. ಸಂಸ್ಥಾನಕ್ಕೆ ತನ್ನದೇ ಹೈಕೋರ್ಟಿತ್ತು. 1949ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾದದ್ದೇ ಅಪೀಲಿಗೆ ಮುಂಬಯಿ ದಾರಿ ಹಿಡಿಯುವುದು ಶುರುವಾಯಿತು.

ನಿಜವಾಗಿ ಬರೆಯಬೇಕಾದ್ದು ಅದರ ನಂತರದ ಕಟ್ಟಡಗಳ ಬಗ್ಗೆ. ಬರೆಯದೆ ಬಿಟ್ಟದ್ದೂ ಅವನ್ನೇ. ನಾನು ಬಾಂಧಕಾಮ (ಲೋಕೋಪಯೋಗಿ) ಖಾತೆಯ ನಕ್ಷೆ ಟೇಬಲ್ಲಿನ ಮೇಲೆ ಬೆಳೆದವನು, ಪಕ್ಷಪಾತ ಇದ್ದೇ ಇದೆ. ತಾಲೂಕು ಕೋರ್ಟಿಗೆ ನಾವು ಕಲಿತ ನಕ್ಷೆ ಸಾದಾ. ಮುಂದೆ ಉದ್ದಕ್ಕೆ ವರಾಂಡ, ನಡುವೆ ಎತ್ತರದ ಹಾಲು, ಹಿಂದೆ ಸಾಹೇಬರ ಚೇಂಬರಿಗೆ ಬೇರೆ ಬಾಗಿಲು, ಬಿಸಿಲು ಬೀಳದ ಬದಿಗೆ ರೆಕಾರ್ಡ್ ರೂಮು. ಪೇಪರಿನವರು ಇವನ್ನು ‘ಸರ್ಕಾರಿ ಪೆಟ್ಟಿಗೆ’ ಎಂದು ನಕ್ಕರು. ನಕ್ಕವರು ಜುಲೈ ತಿಂಗಳಲ್ಲಿ ಗಡಹಿಂಗ್ಲಜಕ್ಕೆ ಬಂದವರಲ್ಲ. ಪಡುವಣದ ಮಳೆ ಅಡ್ಡ ಹೊಡೆಯುವಾಗ ವರಾಂಡದ ಅಗಲ ಎರಡು ಅಡಿ ಕಡಿಮೆಯಾದರೂ ಗೋಡೆಗೆ ಬೆನ್ನು ಹಚ್ಚಿ ಕೂತ ಪಕ್ಷಗಾರ ತೊಯ್ಯುತ್ತಾನೆ. ಪಟ್ಟೇವಾಲಾ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಿದರೆ ಕಡೆಯ ಕಂಬದ ಬಳಿ ಕೂತ ಮುದುಕಿಗೂ ಕೇಳಬೇಕು. ಕೇಳದಿದ್ದರೆ ಕೇಸು ವಜಾ ಆದರೂ ಆಯಿತು.

ಇಲ್ಲಿ ಧ್ವನಿಯ ಪ್ರಶ್ನೆ ಸಣ್ಣದಲ್ಲ. ಗಡಹಿಂಗ್ಲಜ ತಾಲೂಕಿನ ಎಷ್ಟೋ ಸಾಕ್ಷಿಗಳು ಕನ್ನಡ ಆಡುವವರು. ಕೋರ್ಟಿನ ಕಲಾಪ ಮರಾಠಿ. ಸಾಕ್ಷಿ ಹೇಳಿದ್ದನ್ನು ಒಬ್ಬರು ತಿರುಗಿಸಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಸೂರು ತಗ್ಗಿಸಿ, ಗಾಳಿಕಿಂಡಿ ಮುಚ್ಚಿ, ಫ್ಯಾನು ಹೆಚ್ಚಿಸಿದಲ್ಲೆಲ್ಲ ಆ ಮಾತು ಅರ್ಧ ದಾರಿಯಲ್ಲೇ ಸತ್ತಿದೆ.

ಇಚಲಕರಂಜಿಯ ಪೆಟ್ಟು ಬೇರೆ ಕಡೆಯಿಂದ ಬಂತು. ಮಗ್ಗದ ಊರು, ನೂಲು ಉದ್ರಿಯಲ್ಲಿ ಓಡುವ ಪೇಟೆ. 1989ರಲ್ಲಿ ಚೆಕ್ ಬೌನ್ಸಾದರೆ ಅಪರಾಧ ಎನ್ನುವ 138ನೇ ಕಲಮು ಜಾರಿಯಾದ ಮೇಲೆ ಕೆಂಪು ಬಟ್ಟೆಯ ದಫ್ತರಗಳು ರೆಕಾರ್ಡ್ ರೂಮು ದಾಟಿ ಹೊರಬಂದವು. ಇಂಥ ಹೊರೆಯನ್ನು ನಾವು ಯಾರೂ ನಕ್ಷೆಯಲ್ಲಿ ಎಣಿಸಿರಲಿಲ್ಲ. ಹೆಂಗಸರ ಶೌಚಾಲಯವನ್ನೂ ಎಣಿಸಿರಲಿಲ್ಲ ಅನ್ನಿ.

ಆಮೇಲೆ ಬಂದದ್ದು ‘ನ್ಯಾಯಸಂಕುಲ’ಗಳ ಕಾಲ. ಲಿಫ್ಟು, ಗಾಜು, ಪಾರ್ಕಿಂಗು. ಅನುಕೂಲ ಇಲ್ಲವೆನ್ನಲಾರೆ, ಆದರೆ ಬಸ್ಸಿಳಿದು ನಡೆದೇ ಕೋರ್ಟು ಸೇರುತ್ತಿದ್ದವನು ಈಗ ರಿಕ್ಷಾದವನ ಜೊತೆ ಚೌಕಾಸಿ ಮಾಡಬೇಕು.

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವನ್ನು ಇಲ್ಲಿ ನೆನೆಯಲೇಬೇಕು. ಅದೂ ಕೊಲ್ಲಾಪುರದ್ದೂ ಎರಡೂ ಪೀಠಗಳು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೇ ಕಲಮಿನ ಕೂಸುಗಳು. ಧಾರವಾಡದ್ದು 2008ರಲ್ಲಿ ಸಂಚಾರಿ ಪೀಠವಾಗಿ ಊರ ಹೊರಗೆ, ಹೆದ್ದಾರಿ ಬದಿಯ ಹೊಸ ಕಟ್ಟಡದಲ್ಲಿ ಕೂತಿತು. 2013ರಲ್ಲಿ ಕಾಯಂ ಆಯಿತು. ಕೊಲ್ಲಾಪುರದ್ದು ಊರ ನಡುವಿನ ಹಳೆಯ ಕಟ್ಟಡಕ್ಕೇ ಮರಳಿತು. ಬೆಂಗಳೂರಿನ ಅಠಾರಾ ಕಚೇರಿ ಬಚಾವಾದ ಬಗೆಯೂ ಸುಮಾರು ಇದೇ. ಎಂಬತ್ತರ ದಶಕದಲ್ಲಿ ಅದನ್ನು ಕೆಡವಲು ಸರ್ಕಾರ ಹೊರಟಾಗ ತಕರಾರು ಅದೇ ಕಟ್ಟಡದೊಳಗಿನ ಹೈಕೋರ್ಟಿಗೆ ಬಂತು. ಬಳಕೆ ಬಿಡದ ಕಟ್ಟಡ ಉಳಿಯಿತು.

ಕೊಲ್ಲಾಪುರದ ಕಾಯಂ ಕಟ್ಟಡಕ್ಕೆ ಶೇಂಡಾ ಪಾರ್ಕಿನ ಜಾಗ ಗೊತ್ತಾಗಿದೆ. ಪೀಠ ಅಲ್ಲಿಗೆ ಹೋದ ದಿನ ಭಾವುಸಿಂಗಜೀ ರಸ್ತೆಯ ಈ ಹಳೆಯ ಕಟ್ಟಡ ಮತ್ತೊಮ್ಮೆ ಖಾಲಿಯಾಗುತ್ತದೆ. ಅಷ್ಟರೊಳಗೆ ಅದನ್ನು ಅಳೆದು ನಕ್ಷೆ ಬರೆಯುವ ಕೆಲಸ ಆಗಬೇಕು. ಟೇಪು ಹಿಡಿದವರು ಹಾಗೆಯೇ ಗಡಹಿಂಗ್ಲಜ, ಇಚಲಕರಂಜಿಗೂ ಒಂದು ಬಸ್ಸು ಹತ್ತಲಿ. ಅಲ್ಲಿ ಫೋಟೋಕ್ಕೆ ಗುಮ್ಮಟ ಸಿಗುವುದಿಲ್ಲ, ಅಳೆಯಲು ವರಾಂಡಗಳಿವೆ.